ಬಾಗಿಲು ಎಲ್ಲಿದೆ?

ಲ್ಯಾಪ್‌ಟಾಪನ್ನು ತಿರುಗಿಸಿ ದೊಡ್ಡಮ್ಮನ ಮುಂದಿಟ್ಟೆ. ಸೋಸುತ್ತಿದ್ದ ಮೆಂತ್ಯ ಸೊಪ್ಪನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. ಕಪ್ಪಿಗೆ ಹತ್ತಿರದ ನೀಲಿ ಹಿನ್ನೆಲೆ. ನಡುವೆ ಬೆಳ್ಳಗೆ ಹೊಳೆಯುವ ಕೊಳವೆ. ಅದರೊಳಗೆ ಬಾಣದಂತೆ ಚೂಪಾದ ಗಾಡಿ. ಕೆಳಗೆ, ಓಡುತ್ತಿರುವಂತೆ ಬಲಕ್ಕೆ ವಾಲಿದ ಇಂಗ್ಲಿಷ್ ಅಕ್ಷರಗಳು. ಮೂರು ವಾರ ಕೂತು ಮಾಡಿದ್ದು. ನನ್ನ ಕಣ್ಣಿಗೆ ಚೆನ್ನಾಗಿಯೇ ಕಂಡಿತ್ತು.

“ಆಸ್ಪತ್ರೇಲಿ ಸ್ಕ್ಯಾನಿಂಗ್ ಮಿಷನ್ ಇರುತ್ತಲ್ಲೇ, ಹಾಗಿದೆ,” ಅಂದರು. “ಮಲಗಿಸಿ ಒಳಗೆ ತಳ್ತಾರಲ್ಲ, ಅದು.” ಇನ್ನೊಂದು ಸಲ ಬಗ್ಗಿ ನೋಡಿ ಕೇಳಿದರು: “ಬಾಗಿಲು ಎಲ್ಲಿದೆ?”

ಬಾಗಿಲು ಇರಲಿಲ್ಲ. ನಾನು ಬರೆದೇ ಇರಲಿಲ್ಲ.

ಈ ಕೆಲಸ ಬಂದದ್ದು ಪೀಣ್ಯದಿಂದ. ಲೇತ್ ಮಿಷನ್ನುಗಳ ಸದ್ದಿನ ನಡುವೆ ಒಂದು ಶೆಡ್ಡು. ಒಳಗೆ ಹತ್ತು ಹನ್ನೆರಡು ಜನ. ಗಾಳಿ ತೆಗೆದ ಕೊಳವೆಯಲ್ಲಿ ಅಯಸ್ಕಾಂತದ ಬಲದ ಮೇಲೆ ತೇಲಿ ಓಡುವ ಗಾಡಿಯ ಚಿಕ್ಕ ಮಾದರಿಯೊಂದನ್ನು ಕಟ್ಟುತ್ತಿದ್ದಾರೆ. ಹೈಪರ್‌ಲೂಪ್ ಅಂತ ನೀವು ಕೇಳಿರುತ್ತೀರಿ, ಅದೇ ಜಾತಿ. ಲೋಗೋ, ಬಣ್ಣ, ಅಕ್ಷರ, ಬೋರ್ಡು, ಗಾಡಿಯ ಒಳಗಿನ ಚಿಹ್ನೆಗಳು, ಎಲ್ಲ ಸೇರಿಸಿ ಒಂದು ಗುರುತು ಬೇಕು ಎಂದರು. ಮೊದಲ ಭೇಟಿಯಲ್ಲಿ ತಂಡದ ಮುಖ್ಯಸ್ಥರು ಹೇಳಿದ್ದು ಎರಡೇ ಮಾತು: “ನೋಡಿದ ತಕ್ಷಣ ಭವಿಷ್ಯ ಅನ್ನಿಸಬೇಕು. ಆಮೇಲೆ, ಜನ ನಂಬಬೇಕು.” ಈ ಎರಡು ಮಾತು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ ಅಂತ ಆವತ್ತು ನನಗೆ ಹೊಳೆಯಲಿಲ್ಲ. ಹೊಳೆಯಿಸಿದವರು ಸೊಪ್ಪು ಸೋಸುತ್ತಿದ್ದ ದೊಡ್ಡಮ್ಮ.

ತಂತ್ರವನ್ನು ಸ್ವಲ್ಪ ಹೇಳಬೇಕು. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗದಷ್ಟು ಬೆಳೆಯುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಹಾಗಾದರೆ ಗಾಳಿಯನ್ನೇ ತೆಗೆದುಬಿಟ್ಟರೆ? 2013ರಲ್ಲಿ ಈಲಾನ್ ಮಸ್ಕ್ ಹೊರತಂದ ‘ಹೈಪರ್‌ಲೂಪ್ ಆಲ್ಫಾ’ ಎಂಬ ದಾಖಲೆಯ ಲೆಕ್ಕದಲ್ಲಿ ಕೊಳವೆಯೊಳಗಿನ ಒತ್ತಡ 100 ಪ್ಯಾಸ್ಕಲ್, ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು ಸಾವಿರದಲ್ಲೊಂದು ಪಾಲು. ಒಂದು ಗಾಡಿಯಲ್ಲಿ 28 ಜನ. ಲಾಸ್ ಏಂಜಲೀಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 35 ನಿಮಿಷ. ಗಾಡಿಗೆ ಕಿಟಕಿ ಇಲ್ಲ. ಅದರ ಬದಲು ಒಳಗಿನ ಪರದೆಗಳ ಮೇಲೆ ಚೆಂದದ ಭೂದೃಶ್ಯ ತೋರಿಸುತ್ತೇವೆ ಅಂತಲೂ ಅದರಲ್ಲಿ ಬರೆದಿದೆ. ಆ ಸಾಲು ಓದಿದಾಗೆಲ್ಲ ನನಗೆ ಕಸಿವಿಸಿಯಾಗುತ್ತದೆ. ಹೊರಗೆ ಏನಿದೆಯೋ ಅದನ್ನು ಮುಚ್ಚಿ ಬೇರೇನನ್ನೋ ತೋರಿಸುವುದು ಸಮಾಧಾನ ಹೇಳುವ ಅತ್ಯಂತ ಸುಲಭದ ದಾರಿ. ನಾನು ಮೂರು ವಾರ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.

ಬೆಂಗಳೂರಿಗೆ ಈ ಕನಸು ಹೊಸದಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ವಿಮಾನ ನಿಲ್ದಾಣದ ಸಂಸ್ಥೆ ವರ್ಜಿನ್ ಹೈಪರ್‌ಲೂಪ್ ಕಂಪನಿಯ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ದೇವನಹಳ್ಳಿ ಕಡೆಯಿಂದ ಊರ ನಡುವಿಗೆ 10 ನಿಮಿಷದಲ್ಲಿ ಬರಬಹುದೇ ಅಂತ ಪರಿಶೀಲಿಸುವ ಒಪ್ಪಂದ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಿಂತು ನಿಂತು ಕಾಲ ಕಳೆದವರಿಗೆ ಆ 10 ನಿಮಿಷ ಅನ್ನೋ ಮಾತು ಹೇಗೆ ಕೇಳಿಸಿತ್ತು ಅಂತ ವಿವರಿಸಬೇಕಿಲ್ಲ. ಅದೇ ವರ್ಷ ನವೆಂಬರ್ 8ರಂದು ಆ ಕಂಪನಿ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ, 500 ಮೀಟರ್ ಕೊಳವೆಯಲ್ಲಿ ಮೊದಲ ಬಾರಿಗೆ ಇಬ್ಬರನ್ನು ಕೂರಿಸಿ ಓಡಿಸಿತು. ವೇಗ ಗಂಟೆಗೆ 172 ಕಿಲೋಮೀಟರ್. ಕೂತವರಲ್ಲಿ ಒಬ್ಬರು ಜಾಶ್ ಗೀಗಲ್, ಇನ್ನೊಬ್ಬರು ಸಾರಾ ಲೂಷಿಯನ್. ಸಾರಾ ಎಂಜಿನಿಯರ್ ಆಗಿ ಕೂತಿರಲಿಲ್ಲ. ಪ್ರಯಾಣಿಕರ ಅನುಭವ ನೋಡಿಕೊಳ್ಳುವ ವಿಭಾಗದ ಮುಖ್ಯಸ್ಥೆ ಅವರು. ನನ್ನಂಥ ಕೆಲಸದವರು ತಮ್ಮ ಕೆಲಸದೊಳಗೆ ತಾವೇ ಮೊದಲು ಹೋಗಿ ಕೂತದ್ದು ಎಂಬ ಕಾರಣಕ್ಕೆ ಆ ದೃಶ್ಯದ ಮೇಲೆ ನನಗೆ ಗೌರವ.

ಆದರೆ ಆ ಕಂಪನಿಯ ಹೆಸರುಗಳನ್ನು ನೋಡಿ. 2014ರಲ್ಲಿ ಹೈಪರ್‌ಲೂಪ್ ಟೆಕ್ನಾಲಜೀಸ್. 2016ರಲ್ಲಿ ಹೈಪರ್‌ಲೂಪ್ ಒನ್. 2017ರಲ್ಲಿ ವರ್ಜಿನ್ ಹೈಪರ್‌ಲೂಪ್ ಒನ್. ಆಮೇಲೆ ವರ್ಜಿನ್ ಹೈಪರ್‌ಲೂಪ್. ಕೊನೆಗೆ ಮತ್ತೆ ಹೈಪರ್‌ಲೂಪ್ ಒನ್. 2022ರಲ್ಲಿ ಪ್ರಯಾಣಿಕರನ್ನು ಬಿಟ್ಟು ಸರಕಿನ ಕಡೆ ತಿರುಗಿತು, 2023ರ ಕೊನೆಗೆ ಮುಚ್ಚಿಯೇ ಹೋಯಿತು. ಹೆಸರು ಬದಲಾಯಿಸಿದ್ದಕ್ಕೆ ಮುಚ್ಚಿತು ಎನ್ನುತ್ತಿಲ್ಲ. ದುಡ್ಡು, ಜಮೀನು, ಅಂಥ ಹಾದಿ ಕಟ್ಟುವ ಕಷ್ಟ, ಎಲ್ಲ ಇತ್ತು. ಆದರೆ ಲಂಡನ್ನಿನ ಸುರಂಗ ರೈಲಿನವರನ್ನು ನೋಡಿ: ಅವರು 1908ರಲ್ಲಿ ಇಟ್ಟುಕೊಂಡ ವೃತ್ತ-ಪಟ್ಟಿಯ ಗುರುತು, 1916ರಲ್ಲಿ ಎಡ್ವರ್ಡ್ ಜಾನ್‌ಸ್ಟನ್ ಬರೆದುಕೊಟ್ಟ ಅಕ್ಷರ, ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಇವತ್ತಿಗೂ ಬಳಕೆಯಲ್ಲಿವೆ. ಒಂದು ಗುರುತು ಜನರ ಕಣ್ಣಿನಲ್ಲಿ ಕೂರಬೇಕಾದರೆ ಅದು ಎಷ್ಟೋ ಮಳೆಗಾಲ ಅದೇ ಜಾಗದಲ್ಲಿ ನೆನೆಯಬೇಕು. ಪೀಣ್ಯದವರಿಗೆ ನಾನು ಬರೆದುಕೊಟ್ಟ ಮೊದಲ ಷರತ್ತು ಇದೇ: ಈಗ ಇಟ್ಟ ಹೆಸರನ್ನು ಹೂಡಿಕೆದಾರ ಬದಲಾದ ಅಂತ ಬದಲಿಸಬಾರದು. ಒಪ್ಪಿದ್ದಾರೆ. ಒಪ್ಪಿಗೆ ಎಷ್ಟು ದಿನ ನಿಲ್ಲುತ್ತದೋ ಕಾಲವೇ ಹೇಳಬೇಕು.

2025ರ ಆಗಸ್ಟ್‌ನಲ್ಲಿ, ಹಳದಿ ಮಾರ್ಗ ಶುರುವಾದ ಎರಡನೇ ವಾರ ಇರಬೇಕು, ದೊಡ್ಡಮ್ಮನನ್ನು ಹೆಬ್ಬಗೋಡಿಯಲ್ಲಿರುವ ಮಗಳ ಮನೆಗೆ ಮೆಟ್ರೋದಲ್ಲಿ ಕರೆದುಕೊಂಡು ಹೋದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು 19 ಕಿಲೋಮೀಟರ್, 16 ನಿಲ್ದಾಣ. ಮೊದಲ ದಿನಗಳಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಹಾಗಾಗಿ ಪ್ಲಾಟ್‌ಫಾರ್ಮಿನ ಮೇಲೆ ಮಾತಿಗೆ ಬೇಕಾದಷ್ಟು ಹೊತ್ತು. ಚಾಲಕನಿಲ್ಲದೆ ಓಡಬಲ್ಲ ರೈಲು ಎಂದು ಟಿವಿಯಲ್ಲಿ ನೋಡಿದ್ದರು. ರೈಲು ಬಂದು ನಿಂತದ್ದೇ ಮುಂದಿನ ಗಾಜಿನ ಕಡೆ ಕುತ್ತಿಗೆ ಚಾಚಿದರು. ಯೂನಿಫಾರಂ ಹಾಕಿದವರೊಬ್ಬರು ಕಂಡರು. “ಇದಾರೆ ಬಾ,” ಅಂತ ನನ್ನ ಕೈ ಹಿಡಿದು ಹತ್ತಿದರು.

ಒಳಗೆ ಕೂತ ಮೇಲೆ ಅವರು ಏನು ನೋಡುತ್ತಾರೆ ಅಂತ ನಾನು ನೋಡುತ್ತಾ ಇದ್ದೆ. ರೈಲಿನ ಹೊಸ ಬಣ್ಣ ನೋಡಲಿಲ್ಲ. ಸೀಟಿನ ವಿನ್ಯಾಸ ನೋಡಲಿಲ್ಲ. ಬಾಗಿಲ ಮೇಲೆ ನಿಲ್ದಾಣಗಳ ಹೆಸರು ಎಲ್ಲಿ ಬರುತ್ತಿದೆ ಅಂತ ಹುಡುಕಿದರು, ಕನ್ನಡ ಬರುವ ತನಕ ಕಾದು ಓದಿದರು. ಹಿಡಿದುಕೊಳ್ಳುವ ಕಂಬ ಎಲ್ಲಿದೆ ನೋಡಿದರು. ಆಮೇಲೆ ಬಾಗಿಲ ಪಕ್ಕದ ಕೆಂಪು ಡಬ್ಬಿಯನ್ನು ತೋರಿಸಿ, “ಅದೇನು?” ಅಂತ ಕೇಳಿದರು. ತುರ್ತು ಹೊತ್ತಿನಲ್ಲಿ ಬಳಸೋದು ಅಂದೆ. “ಹೇಗೆ ಬಳಸೋದು ಅಂತ ದೊಡ್ಡದಾಗಿ ಬರೀಬಾರದಾ?” ಆ ಪ್ರಶ್ನೆ ನನ್ನ ನೋಟ್‌ಬುಕ್ಕಿನಲ್ಲಿ ಹಾಗೇ ಇದೆ.

ಇಲ್ಲಿ ಇನ್ನೊಂದು ನೆನಪು ಬರುತ್ತದೆ. ನಮ್ಮ ಮೆಟ್ರೋ ಈ ಊರಿಗೆ ಆಪ್ತವಾದದ್ದರಲ್ಲಿ ಒಂದು ಧ್ವನಿಯ ಪಾಲು ತುಂಬಾ ದೊಡ್ಡದು. ಮುಂದಿನ ನಿಲ್ದಾಣ ಯಾವುದು ಎಂದು ಕನ್ನಡದಲ್ಲಿ ಹೇಳುತ್ತಿದ್ದದ್ದು ಅಪರ್ಣಾ. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ, ಒಂದು ದಿನವೂ ಅವರನ್ನು ಎದುರು ಕಂಡಿರದವರೂ ಮನೆಯವರನ್ನು ಕಳೆದುಕೊಂಡಂತೆ ನೊಂದರು. ಆ ಧ್ವನಿಯಲ್ಲಿ ಅವಸರವಿರಲಿಲ್ಲ, ಓಲೈಕೆ ಇರಲಿಲ್ಲ. ಪ್ರತಿ ಅಕ್ಷರ ಸ್ಪಷ್ಟ. ಹೊಸ ಗಾಡಿಯ ಬಣ್ಣವೂ ಅಕ್ಷರವೂ ಆ ಧ್ವನಿಯ ಹಾಗೆ ಇರಬೇಕು ಅಂತ ಗೋಡೆಗೆ ಒಂದು ಚೀಟಿ ಅಂಟಿಸಿಕೊಂಡಿದ್ದೇನೆ.

ಮತ್ತೆ ಪೀಣ್ಯಕ್ಕೆ. ಬಾಗಿಲಿಲ್ಲದ ಚಿತ್ರವನ್ನು ಪಕ್ಕಕ್ಕಿಟ್ಟು, ಮೊದಲು ಬಾಗಿಲನ್ನೇ ಬರೆಯೋಣ ಅಂತ ಕೂತೆ. ಚೌಕಟ್ಟು ಚೊಕ್ಕವಾಗಿ ಕಾಣಲಿ ಅಂತ ನಾಲ್ಕು ಮೂಲೆಯನ್ನೂ ಚೂಪಾಗಿ ಬಿಟ್ಟಿದ್ದೆ. ಗಾಡಿಯ ಕವಚ ನೋಡಿಕೊಳ್ಳುವ ಎಂಜಿನಿಯರ್ ಹುಡುಗಿ ಅದನ್ನು ನೋಡಿದ್ದೇ ತಲೆ ಅಲ್ಲಾಡಿಸಿದಳು. “ಮೇಡಂ, ಲೋಗೋದಲ್ಲೂ ಈ ಮೂಲೆ ಬೇಡ. ನಮಗೆ ನೋಡೋಕೆ ಆಗಲ್ಲ.”

ಕಾರಣ ಕೇಳಿದೆ. ಅವಳು ಕಾಮೆಟ್ ವಿಮಾನದ ಕತೆ ಹೇಳಿದಳು. ಜನರನ್ನು ಹೊತ್ತು ಹಾರಿದ ಮೊದಲ ಜೆಟ್ ಅದು. 1952ರ ಮೇ 2ರಂದು ಲಂಡನ್‌ನಿಂದ ಜೊಹಾನ್ಸ್‌ಬರ್ಗ್‌ಗೆ ಹೊರಟಿತು. ಆ ಕಾಲದ ಭವಿಷ್ಯ ಅಂದರೆ ಅದೇ, ನೋಡಲು ಇವತ್ತಿಗೂ ಸುಂದರ. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಕಾಮೆಟ್‌ಗಳು ಮೆಡಿಟರೇನಿಯನ್ ಸಮುದ್ರದ ಮೇಲೆ ಆಕಾಶದಲ್ಲೇ ಒಡೆದವು. ಆಮೇಲೆ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗಿನ ಒತ್ತಡವನ್ನು ಏರಿಸಿ ಇಳಿಸಿ, ಏರಿಸಿ ಇಳಿಸಿ ನೋಡಿದರು. ಲೋಹ ದಣಿದು ಬಿರುಕು ಬಿಟ್ಟಿತು. ತೆರಪುಗಳ ಮೂಲೆಗಳಲ್ಲಿ ಒತ್ತಡ ಒಟ್ಟುಗೂಡುತ್ತಿತ್ತು. ಆಮೇಲೆ ಬಂದ ಕಾಮೆಟ್‌ಗಳ ಕಿಟಕಿ ದುಂಡಗಾಯಿತು. ಆ ದುಂಡು ಮೂಲೆಯನ್ನು ನಾವು ಚೆಂದಕ್ಕೆ ಮಾಡಿದ್ದು ಅಂದುಕೊಂಡಿರುತ್ತೇವೆ, ಅದು ಸತ್ತವರಿಂದ ಕಲಿತದ್ದು. ಪೀಣ್ಯದ ಗಾಡಿಗೆ ಈ ಚಿಂತೆ ಇನ್ನೂ ಹೆಚ್ಚು. 12 ಕಿಲೋಮೀಟರ್ ಎತ್ತರದಲ್ಲಿ ವಿಮಾನದ ಹೊರಗೆ ನೆಲಮಟ್ಟದ ಒತ್ತಡದ ಸುಮಾರು ಐದರಲ್ಲೊಂದು ಪಾಲಾದರೂ ಇರುತ್ತದೆ. ಕೊಳವೆಯಲ್ಲಿ ಅದೂ ಇಲ್ಲ.

ಮನೆಗೆ ಬರುವ ದಾರಿಯಲ್ಲಿ ಹೊಳೆದದ್ದು ಈ ಇಡೀ ಕೆಲಸದ ತಿರುವು. ಕನ್ನಡದ ಅಕ್ಷರ ಯಾಕೆ ದುಂಡಗಿದೆ? ತಾಳೆಗರಿಯ ಮೇಲೆ ಲೋಹದ ಚೂಪು ಕಡ್ಡಿಯಿಂದ ಕೊರೆಯುವಾಗ ಎಳೆಯ ಗುಂಟ ನೇರ ಗೀಟು ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ಬರೆಯುವವರು ಗೆರೆಯನ್ನು ದುಂಡಗೆ ತಿರುಗಿಸಿದರು ಅಂತ ಲಿಪಿಯ ಬಗ್ಗೆ ಬರೆದವರು ಹೇಳುವ ಕಾರಣ. ಅಂದರೆ ನಮ್ಮ ಲಿಪಿಕಾರನಿಗೂ ಪೀಣ್ಯದ ಎಂಜಿನಿಯರ್ ಹುಡುಗಿಗೂ ಇದ್ದ ಅಳುಕು ಒಂದೇ: ಬಿರುಕು ಎಲ್ಲಿಂದ ಶುರುವಾಗುತ್ತದೆ? ಭವಿಷ್ಯ ಅನ್ನಿಸಲಿ ಎಂದು ನಾನು ಬಲಕ್ಕೆ ವಾಲಿಸಿದ್ದ ಚೂಪು ಇಂಗ್ಲಿಷ್ ಅಕ್ಷರಗಳನ್ನು ಆ ರಾತ್ರಿಯೇ ತೆಗೆದೆ. ಗುರುತನ್ನು ಕನ್ನಡ ಅಕ್ಷರದಿಂದಲೇ ಕಟ್ಟಲು ಕೂತೆ, ‘ಬ’ದ ಮೈಯನ್ನು ಬಾಗಿಲ ಚೌಕಟ್ಟಾಗಿ ಮಾಡಿಕೊಂಡು. ಬಾಗಿಲಿನ ಬ. ಇಂಗ್ಲಿಷ್ ಅಕ್ಷರಗಳು ಈಗ ಅದರ ಅಳತೆ ನೋಡಿಕೊಂಡು ಪಕ್ಕದಲ್ಲಿ ನಿಂತಿವೆ.

ಇಷ್ಟು ಹೇಳಿದರೆ ಸುಲಭ ಅನ್ನಿಸಬಹುದು. ಕನ್ನಡದಲ್ಲಿ ತುರ್ತು ಬೋರ್ಡು ಮಾಡಿ ನೋಡಿ, ಆಗ ಗೊತ್ತಾಗುತ್ತದೆ. ‘ತುರ್ತು’ ಎಂಬ ಪದದಲ್ಲೇ ಅರ್ಕಾವೊತ್ತು ಇದೆ; ದೂರದಿಂದ ನೋಡಿದರೆ ಅದು ೯ ಎಂಬ ಅಂಕಿಯಂತೆ ಕಾಣುತ್ತದೆ. ವ, ಪ, ಮ ಮೂರೂ ಹೊಗೆಯಲ್ಲಿ, ಮಂದ ಬೆಳಕಿನಲ್ಲಿ ಒಂದೇ ಥರ. ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಸೀಳು. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ಆದರೆ ಬೋರ್ಡು ಮಾಡುವವರು ಇಂಗ್ಲಿಷಿನ ಸಾಲಿನ ಅಳತೆಯಲ್ಲೇ ಕನ್ನಡವನ್ನು ತುರುಕುವುದರಿಂದ ಅಕ್ಷರದ ಗಾತ್ರ ಕುಗ್ಗಿ ಹೋಗುತ್ತದೆ. ನಮ್ಮ ಊರಿನ ಎಷ್ಟು ಕಟ್ಟಡಗಳಲ್ಲಿ ಕನ್ನಡದ ಸೂಚನೆ ಇಂಗ್ಲಿಷಿನ ಅರ್ಧ ಎತ್ತರಕ್ಕೆ ಇಳಿದಿದೆ, ನೀವೇ ನೋಡಿ. ಭಾಷೆಯ ಅಭಿಮಾನದ ಮಾತು ಆಮೇಲೆ. ಬೆಂಕಿ ಬಿದ್ದಾಗ ಓದಲಾಗದ ಬೋರ್ಡು ಅದು, ಅಷ್ಟೇ. ನಾನು ಅರ್ಕಾವೊತ್ತನ್ನು ಸ್ವಲ್ಪ ಅಗಲ ಮಾಡಿ ಅದರ ಬಾಲವನ್ನು ತೆರೆದೆ, ಸಾಲಿನ ಎತ್ತರವನ್ನು ಕನ್ನಡಕ್ಕೆ ತಕ್ಕಂತೆ ಇಟ್ಟು ಇಂಗ್ಲಿಷನ್ನು ಅದರೊಳಗೆ ಕೂರಿಸಿದೆ. ಪದಗಳನ್ನೂ ಬದಲಿಸಿದೆ. ‘ತುರ್ತು ನಿರ್ಗಮನ ದ್ವಾರ’ ಎನ್ನುವ ಕಡೆ ‘ಹೊರಗೆ ಹೋಗುವ ಬಾಗಿಲು’. ಉದ್ದವಾಯಿತು ಎಂದರು ತಂಡದವರು. ಉದ್ದವಾದರೂ ದೊಡ್ಡಮ್ಮ ಒಂದೇ ಉಸಿರಿಗೆ ಓದಿದರು.

ಬಣ್ಣದ ವಿಷಯದಲ್ಲಿ ಜಗಳವೇ ಆಯಿತು. ನಮ್ಮ ಊರಿನಲ್ಲಿ ನೇರಳೆ, ಹಸಿರು, ಹಳದಿ ಆಗಲೇ ಮೆಟ್ರೋ ಮಾರ್ಗಗಳ ಹೆಸರಾಗಿವೆ, ಗುಲಾಬಿಯೂ ನೀಲಿಯೂ ಸರದಿಯಲ್ಲಿವೆ. ಆಟೋ ಬಣ್ಣವನ್ನು ಮುಟ್ಟುವ ಹಾಗಿಲ್ಲ, ಅದು ಆಟೋದವರದು. ತಂಡಕ್ಕೆ ಬೇಕಿದ್ದದ್ದು ಹೊಳೆಯುವ ಹಸಿರು. ಪರಿಸರಸ್ನೇಹಿ ಅನ್ನಿಸಲಿ ಎಂದು. ನಾನು ಹಟ ಹಿಡಿದೆ. ಹಸಿರು ಲೋಕದ ಎಷ್ಟೋ ಕಡೆ ಹೊರದಾರಿಯ ಬಣ್ಣ. ಬಾಗಿಲ ಕಡೆ ಓಡುವ ಆ ಹಸಿರು ಮನುಷ್ಯ ಜಪಾನಿನ ವಿನ್ಯಾಸಕ ಯುಕಿಯೊ ಓಟಾ ಅವರ ಚಿತ್ರದಿಂದ ಬಂದವನು, ಅಂತರರಾಷ್ಟ್ರೀಯ ಮಾನದಂಡದಲ್ಲೇ ಸೇರಿದ್ದಾನೆ. ಸೀಟಿಗೂ ಹಸಿರು, ದೀಪಕ್ಕೂ ಹಸಿರು, ಲೋಗೋಗೂ ಹಸಿರು ಬಳಿದರೆ ಅಪಾಯದ ಹೊತ್ತಿನಲ್ಲಿ ಕಣ್ಣು ಯಾವ ಹಸಿರನ್ನು ಹಿಡಿಯಬೇಕು? ಕೊನೆಗೆ ಹೊರಮೈಗೆ ಇಟ್ಟಿಗೆಯ ಬಣ್ಣ, ಒಳಗೆ ಕೆನೆ ಬಣ್ಣ ಅಂತ ತೀರ್ಮಾನವಾಯಿತು. ಇಡೀ ಗಾಡಿಯಲ್ಲಿ ಹಸಿರು ಇರುವುದು ಬಾಗಿಲಿಗೆ ಮಾತ್ರ. ಇದನ್ನು ಬರವಣಿಗೆಯಲ್ಲಿ ತೆಗೆದುಕೊಂಡಿದ್ದೇನೆ.

ಮುದ್ದಾಗಿ ಮಾಡೋಣ ಅನ್ನುವ ಸಲಹೆಯೂ ಬಂತು. 2014ರಲ್ಲಿ ಗೂಗಲ್ ತೋರಿಸಿದ ಚಾಲಕನಿಲ್ಲದ ಪುಟ್ಟ ಕಾರು ನೆನಪಿದೆಯಾ? ಎರಡು ದೀಪ ಕಣ್ಣಿನಂತೆ, ಮುಖ ಮಗುವಿನಂತೆ. ಅದನ್ನು ಮಾಡಿದವರ ಜಾಣ್ಮೆ ದೊಡ್ಡದು; ಬೀದಿಯ ಜನ ಅದನ್ನು ಕಂಡು ಹೆದರಲಿಲ್ಲ. ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ಮುದ್ದು ಮುಖ ಹೆದರಿಕೆಯನ್ನು ಮರೆಸುತ್ತದೆ, ಆ ಹೆದರಿಕೆಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅದಕ್ಕಿಂತ ಅದೇ ಕಂಪನಿಯಿಂದ ಹುಟ್ಟಿದ ವೇಮೋದ ಚಾಲಕನಿಲ್ಲದ ಬಾಡಿಗೆ ಕಾರುಗಳು ಈಗ ಮಾಡುತ್ತಿರುವುದು ಮೇಲು: ಹತ್ತುವವರ ಹೆಸರಿನ ಮೊದಲಕ್ಷರವನ್ನು ಕಾರಿನ ನೆತ್ತಿಯ ಮೇಲೆ ಬೆಳಗಿಸಿ ತೋರಿಸುತ್ತವೆ. ಇದು ನನ್ನ ಗಾಡಿಯೇ ಹೌದಾ ಅನ್ನುವ ಅನುಮಾನಕ್ಕೆ ನೇರ ಉತ್ತರ.

ನೇರ ಉತ್ತರ ಅಂದಾಗ ನನಗೆ ಲಿಫ್ಟು ನೆನಪಾಗುತ್ತದೆ. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಎಲೈಷಾ ಓಟಿಸ್ ಎತ್ತರದ ಹಲಗೆಯ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನೇ ಜನರೆದುರು ಕಡಿಸಿದ. ಹಲಗೆ ಕೊಂಚ ಜಾರಿ ನಿಂತಿತು. ಹಗ್ಗ ಎಷ್ಟು ಗಟ್ಟಿ ಅಂತ ಅವನು ಹೇಳಿಕೊಳ್ಳಲಿಲ್ಲ. ಹಗ್ಗ ಹೋದರೆ ಏನಾಗುತ್ತದೆ ಅಂತ ತೋರಿಸಿದ.

ಆಯುಧಪೂಜೆಯ ದಿನ ಶೆಡ್ಡಿಗೆ ಕರೆದಿದ್ದರು. ನಿರ್ವಾತ ಪಂಪಿಗೆ ಅರಿಶಿನ ಕುಂಕುಮ, ಕೊಳವೆಯ ಬಾಯಿಗೆ ಬಾಳೆಕಂದು, ಮಾವಿನ ತೋರಣ. ಬೂದುಗುಂಬಳ ಒಡೆದಾಯಿತು. ನಿಂಬೆಹಣ್ಣು ಇಡುವ ಹೊತ್ತಿಗೆ ಎಲ್ಲರೂ ಒಂದು ಕ್ಷಣ ನಿಂತರು. ತೇಲುವ ಗಾಡಿಗೆ ಚಕ್ರ ಎಲ್ಲಿ? ಲೇತ್ ಕೆಲಸದ ಹಿರಿಯರೊಬ್ಬರು ಬಗ್ಗಿ, ಗಾಡಿ ನಿಧಾನವಾದಾಗ ಇಳಿದು ನಿಲ್ಲುವ ಹಳಿಗಾಲುಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಯಾರೂ ಹೇಳಿಕೊಡದೆ, ಗಾಡಿ ನೆಲ ಮುಟ್ಟುವ ಜಾಗ ಯಾವುದು ಅಂತ ಅವರು ಗುರುತಿಸಿದ್ದರು. ಮಾರನೆಯ ದಿನವೇ ಆ ಹಳಿಗಾಲುಗಳಿಗೆ ಬೇರೆ ಬಣ್ಣ ಕೊಟ್ಟೆ. ತೇಲುವುದು ನಿಂತರೆ ಇದು ಇದರ ಮೇಲೆ ಕೂರುತ್ತದೆ ಅಂತ ಹೊರಗಿನವರಿಗೂ ಕಾಣಲಿ.

ಅವತ್ತು ದೊಡ್ಡಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ರಟ್ಟಿನಲ್ಲಿ ಮಾಡಿದ ಪೂರ್ಣ ಅಳತೆಯ ಬಾಗಿಲು ಮೂಲೆಯಲ್ಲಿತ್ತು. ಇಟ್ಟಿಗೆ ಬಣ್ಣದ ನಡುವೆ ದುಂಡು ಚೌಕಟ್ಟು, ಹಸಿರು ಅಂಚು, ಎದೆಮಟ್ಟದಲ್ಲಿ ಹಿಡಿ, ಅದರ ಪಕ್ಕದಲ್ಲಿ ಅಂಗೈ ಅಗಲದ ಅಕ್ಷರದಲ್ಲಿ ‘ಕೆಳಕ್ಕೆ ಒತ್ತಿ, ಆಚೆಗೆ ತಳ್ಳಿ’. ಒತ್ತಿದರು, ತಳ್ಳಿದರು. ರಟ್ಟು ತೆರೆದುಕೊಂಡಿತು. “ಹ್ಞೂಂ, ಇದು ಬಾಗಿಲು,” ಅಂದರು. ಆಮೇಲೆ ಒಳಗೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸುತ್ತ ನೋಡಿ, ಮುಖ್ಯಸ್ಥರನ್ನೇ ಕೇಳಿದರು:

“ಕರೆಂಟ್ ಹೋದ್ರೆ ಏನಪ್ಪಾ ಮಾಡ್ತೀರಾ?”

ಬ್ಯಾಟರಿ ಇದೆಯಮ್ಮ, ದೀಪ ಇರುತ್ತೆ, ಉಸಿರಾಡೋಕೆ ಗಾಳಿ ಇರುತ್ತೆ, ಗಾಡಿ ಮೆಲ್ಲಗೆ ಕೆಳಗೆ ಕೂರುತ್ತೆ ಅಂತ ಅವರು ತಾಳ್ಮೆಯಿಂದ ಹೇಳಿದರು. “ಆಮೇಲೆ ಈ ಬಾಗಿಲು ತೆಗೆದ್ರೆ ಹೊರಗೆ ಗಾಳಿ ಇಲ್ವಲ್ಲ?” ಎಂದರು ದೊಡ್ಡಮ್ಮ. ಪಕ್ಕದಲ್ಲಿದ್ದ ಎಂಜಿನಿಯರ್ ಹುಡುಗಿ ನನ್ನ ಮುಖ ನೋಡಿದಳು. ಆ ತುಂಡು ಕೊಳವೆಗೆ ಮತ್ತೆ ಗಾಳಿ ತುಂಬಬೇಕು, ತುಂಬಿದ ಮೇಲೆ ಬಾಗಿಲು ತೆರೆಯಬೇಕು. ಅದಕ್ಕೆ ಎಷ್ಟು ನಿಮಿಷ ಅನ್ನೋದು ಕವಾಟದ ಗಾತ್ರ, ಕೊಳವೆಯ ಉದ್ದ, ಎಲ್ಲೆಲ್ಲಿ ಅದನ್ನು ಭಾಗ ಮಾಡುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಲೆಕ್ಕ ಇದೆ. ಪರೀಕ್ಷೆ ಇನ್ನೂ ಆಗಿಲ್ಲ.

ಮುಖ್ಯಸ್ಥರು ಮೊದಲಿನಿಂದಲೂ ಹೊರಗೆ ಗಾಳಿ ಇಲ್ಲ ಅನ್ನುವ ಮಾತು ಬೋರ್ಡಿನಲ್ಲಿ ಬೇಡ ಎನ್ನುತ್ತಿದ್ದವರು, ಜನ ಹೆದರುತ್ತಾರೆ ಅಂತ. ಅವತ್ತು ಸಂಜೆ ಕಾಫಿ ಕುಡಿಯುತ್ತಾ, ಬರೆಯಿರಿ ಅಂದರು. ಬಾಗಿಲ ಹಿಡಿಯ ಮೇಲೆ ಈಗ ಎರಡು ಸಾಲು ಇದೆ. ಮೊದಲನೆಯದು, ‘ಹಸಿರು ದೀಪ ಬಂದ ಮೇಲೆ ಹೊರಗೆ ಗಾಳಿ ಇರುತ್ತದೆ, ಆಗ ತೆರೆಯಿರಿ.’ ಎರಡನೆಯದು, ‘ದೀಪ ಬರಲು ಬೇಕಾಗುವ ಸಮಯ’, ಅದರ ಮುಂದೆ ನಿಮಿಷದ ಅಂಕಿ.

ಅಂಕಿಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ತಂಡದವರು ಹೂಡಿಕೆದಾರರಿಗೆ ತೋರಿಸುವುದಕ್ಕಾದರೂ ಒಂದು ಅಂದಾಜು ಅಂಕಿ ಹಾಕಿ ಕೊಡಿ ಅಂತ ಎರಡು ಸಲ ಕೇಳಿದರು. ಪರೀಕ್ಷೆ ಮುಗಿದ ದಿನ ಫೋನ್ ಮಾಡಿ, ಅಂಕಿ ಹೇಳಿ, ಹತ್ತು ನಿಮಿಷದಲ್ಲಿ ಕೂರಿಸಿ ಕಳಿಸುತ್ತೇನೆ ಎಂದೆ. ದೊಡ್ಡಮ್ಮನೂ ಆಗಾಗ ಕೇಳುತ್ತಿರುತ್ತಾರೆ, ಎಷ್ಟು ನಿಮಿಷ ಅಂತ ಗೊತ್ತಾಯ್ತೇನೇ ಅಂತ. ಇನ್ನೂ ಇಲ್ಲ ದೊಡ್ಡಮ್ಮ ಅನ್ನುತ್ತೇನೆ.